ತೆರೆಯ ಮೇಲೆ ಕಾಣುವ ಕಾಡು ಯಾವ ಕಾಡು?

ಮಲೆನಾಡಿನ ಕಾಡನ್ನು ಕುರಿತು ಸಾಕ್ಷ್ಯಚಿತ್ರ ಮಾಡಲು ಹೊರಟ ಯುವ ನಿರ್ದೇಶಕರು ಸಲಹೆ ಕೇಳಿದಾಗ, ಚಿತ್ರೀಕರಿಸುವ ಜಾಗದ ಸರ್ವೆ ನಂಬರ್ ಹಿಡಿದು ಮೊದಲು ಪಹಣಿಯನ್ನೂ ಗ್ರಾಮನಕಾಶೆಯನ್ನೂ ನೋಡಿಕೊಂಡು ಬನ್ನಿ ಎನ್ನುತ್ತೇನೆ. ಸಾಗರ, ಸೊರಬ, ಹೊಸನಗರದ ಯಾವ ಗುಡ್ಡದ ಮೇಲೆ ಡ್ರೋನ್ ಹಾರಿಸಿದರೂ ಕಾಣುವುದು ಒಂದೇ ಹಸಿರು. ಅದರೊಳಗೆ ಅಭಯಾರಣ್ಯ, ಮೀಸಲು ಅರಣ್ಯ, ಊರಿನವರು ತಲೆಮಾರುಗಳಿಂದ ಉಳಿಸಿಕೊಂಡ ನಿತ್ಯಹಸಿರಿನ ಕಾಡಾದ ಕಾನು, ಅಡಿಕೆ ತೋಟಕ್ಕೆ ಸೊಪ್ಪು ಒದಗಿಸುವ ಬೆಟ್ಟ, ಗೋಮಾಳ, ಅಕೇಶಿಯಾ ನೆಡುತೋಪು ಎಲ್ಲವೂ ಒತ್ತೊತ್ತಾಗಿರುತ್ತವೆ; ಒಂದೊಂದಕ್ಕೂ ಬೇರೆ ಬೇರೆ ಕಟ್ಟಳೆ, ಬೇರೆ ಬೇರೆ ಹಕ್ಕುದಾರರು. ಇದನ್ನು ಬಿಡಿಸಿ ತೋರಿಸದ ಚಿತ್ರ ಎಷ್ಟೇ ಚೆಲುವಾಗಿದ್ದರೂ ನೋಡುಗರನ್ನು ದಾರಿ ತಪ್ಪಿಸುತ್ತದೆ.

ಬಿಡಿಸಿ ತೋರಿಸಬೇಕಾದರೆ ಕ್ಯಾಮೆರಾ ನೆಲಮಟ್ಟಕ್ಕೆ ಇಳಿಯಬೇಕು. ಅಕೇಶಿಯಾ ತೋಪಿನಲ್ಲಿ ಮರಗಳು ಸಾಲು ಹಿಡಿದು ನಿಂತಿರುತ್ತವೆ. ಬೇಗ ಕೊಳೆಯದ ತರಗೆಲೆ ನೆಲವನ್ನು ಮುಚ್ಚಿರುತ್ತದೆ. ಕಾನಿನಲ್ಲಾದರೆ ಧೂಪ, ಉಪ್ಪಾಗೆ, ಹೆಮ್ಮರಗಳಿಗೆ ಹಬ್ಬಿದ ಕಾಡುಮೆಣಸು, ಬೇಸಿಗೆಯಲ್ಲೂ ಪೂರ್ತಿ ಆರದ ತೇವ ಇರುತ್ತವೆ. ಸೊಪ್ಪಿನಬೆಟ್ಟದ ಮರಗಳಲ್ಲಿ ಕೊಂಬೆ ಕಡಿದ ಗಾಯದ ಗುರುತುಗಳಿದ್ದು, ಅಲ್ಲಿ ಮನುಷ್ಯರ ಕೈ ಎಷ್ಟು ಕಾಲದಿಂದ ಆಡುತ್ತಿದೆ ಎಂಬುದನ್ನು ಅವೇ ಹೇಳುತ್ತವೆ. ಮುಂಜಾನೆಯ ಒಂದೇ ಹೊತ್ತಿನಲ್ಲಿ ಮೂರೂ ಕಡೆ ಧ್ವನಿಮುದ್ರಣ ಮಾಡಿಕೊಂಡರೆ ನಿರೂಪಣೆಯ ಅರ್ಧ ಮಾತು ಬೇಕಾಗುವುದೇ ಇಲ್ಲ.

ಅಭಯಾರಣ್ಯದೊಳಗೆ ಚಿತ್ರೀಕರಿಸಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೆಯ ಕಲಮಿನಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ನೆಲೆಯಲ್ಲಿ ಬದಲಾವಣೆ ಮಾಡದೆ, ಪ್ರಾಣಿಗಳಿಗೆ ಕೆಡುಕಾಗದಂತೆ ಚಿತ್ರೀಕರಿಸಬೇಕೆಂಬ ಮಾತು 2022ರ ತಿದ್ದುಪಡಿಯಲ್ಲಿ ಸೇರಿದೆ. ಗೂಡು ಸ್ಪಷ್ಟವಾಗಿ ಕಾಣಲೆಂದು ಅಡ್ಡ ಬಂದ ಒಂದು ಕೊಂಬೆಯನ್ನು ಕಡಿಯುವುದೂ ನನ್ನ ದೃಷ್ಟಿಯಲ್ಲಿ ಅದರ ಉಲ್ಲಂಘನೆಯೇ. ಶರಾವತಿ ಕಣಿವೆಯ ಅಭಯಾರಣ್ಯಕ್ಕೆ 2019ರಲ್ಲಿ ಸಿಂಗಳೀಕದ ಹೆಸರೂ ಸೇರಿತು. ಸಿಂಗಳೀಕ ಹೆಚ್ಚಾಗಿ ಮರದ ನೆತ್ತಿಯಲ್ಲೇ ಬಾಳುವ ಪ್ರಾಣಿ. ತಿನಿಸು ತೋರಿಸಿ ಅದನ್ನು ಕೆಳಗಿಳಿಸಿ ತೆಗೆದ ದೃಶ್ಯದಲ್ಲಿ ಅದರ ಬದುಕೇ ಇರುವುದಿಲ್ಲ. ಹಣ್ಣು ಬಿಟ್ಟ ಮರವನ್ನು ಗುರುತಿಸಿ, ದೂರದಲ್ಲಿ ಕುಳಿತು ಕಾಯಬೇಕು.

ಇದೇ ಕಣಿವೆಯಲ್ಲಿ ಮುಳುಗಡೆಯ ಕಥೆಯೂ ಇದೆ, ಅದನ್ನು ಬಿಟ್ಟು ಕಾಡಿನ ಚಿತ್ರ ಪೂರ್ಣವಾಗದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಊರು, ಗದ್ದೆ, ಕಾಡುಗಳೊಂದಿಗೆ ಅದಕ್ಕೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟೂ ನೀರಿನಡಿ ಸೇರಿತು. ಹಿನ್ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಆ ಕಟ್ಟಡ ಮೇಲೆದ್ದು ಕಾಣುತ್ತದೆ, ಚಿತ್ರೀಕರಣಕ್ಕೆ ಅದೇ ಸಮಯ. ಮನೆ ಕಳೆದುಕೊಂಡು ಅರಣ್ಯ ಭೂಮಿಯಲ್ಲಿ ನೆಲೆ ಕಂಡ ಅನೇಕ ಕುಟುಂಬಗಳ ಹಕ್ಕುಪತ್ರದ ಪ್ರಶ್ನೆ ದಶಕಗಳಿಂದ ಇತ್ಯರ್ಥವಾಗದೆ ಉಳಿದಿದೆ. ನಾಡಿಗೆ ಬೆಳಕು ಬರಲೆಂದು ಊರು ಬಿಟ್ಟವರನ್ನು ಒತ್ತುವರಿದಾರರೆಂದು ಒಂದೇ ಮಾತಿನಲ್ಲಿ ಕರೆದುಬಿಡುವ ನಿರೂಪಣೆ ಅನ್ಯಾಯದ್ದು. ಕಾಡಿನ ಅಂಚು ಕರಗುತ್ತಿರುವುದನ್ನು ಮರೆಮಾಚುವುದೂ ಅಷ್ಟೇ ಅನ್ಯಾಯ. ಎರಡನ್ನೂ ಒಂದೇ ಚಿತ್ರದಲ್ಲಿ ಇಡುವ ಧೈರ್ಯ ಬೇಕು. ಅಂಥ ಕುಟುಂಬದ ತೋಟ, ಬೇಲಿ, ಮನೆಯ ದೃಶ್ಯ ನಾಳೆ ಅವರ ವಿರುದ್ಧವೇ ಪುರಾವೆಯಾಗಬಹುದಾದ್ದರಿಂದ, ಸಂಕಲನದ ಕರಡನ್ನು ಅವರ ಮನೆಯ ಜಗಲಿಯಲ್ಲೇ ತೋರಿಸಿ, ಬೇಡವೆಂದ ಭಾಗವನ್ನು ಕಾರಣ ಕೇಳದೆ ತೆಗೆಯುತ್ತೇನೆ.