ತೊಟ್ಟು ನಿಲ್ಲುವಲ್ಲಿ ಟೈಮಿಂಗ್: ಹಳೆ ಲಾರಿಯ ಡೀಸೆಲ್ ಪಂಪ್

ಪಂಪ್ ಸರ್ವಿಸ್ ಮಾಡಿಸಿ ಕೂರಿಸಿದ ಲಾರಿ ಘಾಟಿಯಲ್ಲಿ ಎಳೆಯದಿದ್ದರೆ, ಬೋಲ್ಟ್ ಸಡಿಲಿಸಿ ಪಂಪನ್ನು ಒಂದು ಗೀಟಿನಷ್ಟು ಸರಿಸಿ, ಸ್ಟಾರ್ಟ್ ಮಾಡಿ ಸದ್ದು ಕೇಳುವ ಅಭ್ಯಾಸ ಅನೇಕ ಗ್ಯಾರೇಜುಗಳಲ್ಲಿದೆ. ಟೈಮಿಂಗ್, ಅಂದರೆ ಪಂಪ್ ಡೀಸೆಲ್ ಬಿಡುವ ಗಳಿಗೆ, ಮುಂದಾದರೆ ಸದ್ದು ಗಡಸಾಗುತ್ತದೆ, ಡ್ರೈವರ್‌ಗೆ ಪಿಕಪ್ ಬಂದಂತೆ ಅನಿಸುತ್ತದೆ. ಲೋಡಿನಲ್ಲಿ ಅದೇ ಗಾಡಿ ಕುಟ್ಟತೊಡಗಿ ಹೆಡ್ ಗ್ಯಾಸ್ಕೆಟ್ಟೋ ಪಿಸ್ಟನ್ನೋ ಹೋಗುತ್ತದೆ.

ಟಾಟಾ 1210ರಂಥ ಆರು ಸಿಲಿಂಡರ್ ಗಾಡಿಗಳ ಮೈಕೊ ಇನ್‌ಲೈನ್ ಪಂಪಿಗೆ (ಸಿಲಿಂಡರಿಗೊಂದರಂತೆ ಡೀಸೆಲ್ ಒತ್ತುವ ಪ್ಲಂಜರ್ ಸಾಲಾಗಿರುವ ಪಂಪ್) ತೊಟ್ಟು ನೋಡುವ ವಿಧಾನವೇ ಸರಿ: ಎಂಜಿನ್ನನ್ನು ಕೈಯಿಂದ ತಿರುಗಿಸುತ್ತಾ ಪಂಪಿನಿಂದ ಬೀಳುವ ಡೀಸೆಲ್ ತೊಟ್ಟು ನಿಲ್ಲುವ ಜಾಗ ಹಿಡಿಯುವುದು. ನಾಜಲಿನಿಂದ ಬಿದ್ದ ಡೀಸೆಲ್ ತಕ್ಷಣ ಹೊತ್ತುವುದಿಲ್ಲ. ಒಂದು ಮಿಲಿಸೆಕೆಂಡ್ ಹಿಡಿಯಿತೆಂದರೂ 2400 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಅಷ್ಟರಲ್ಲಿ 14 ಡಿಗ್ರಿ ತಿರುಗಿರುತ್ತದೆ. ಪಿಸ್ಟನ್ ಮೇಲೆ ಮುಟ್ಟುವ ಮೊದಲೇ ಡೀಸೆಲ್ ಬಿಡಬೇಕಾದದ್ದು ಈ ಕಾರಣಕ್ಕೆ. ಎಷ್ಟು ಡಿಗ್ರಿ ಮೊದಲು ಎಂಬುದು ಎಂಜಿನ್ನಿನ ಪುಸ್ತಕದಲ್ಲಿರುತ್ತದೆ. ಪಕ್ಕದ ಗಾಡಿಯ ಲೆಕ್ಕ ಇಲ್ಲಿ ನಡೆಯದು.

ಪಂಪಿಗೆ ಕೈ ಹಾಕುವ ಮುನ್ನ ಏರ್ ಫಿಲ್ಟರ್, ವಾಲ್ವ್ ಕ್ಲಿಯರೆನ್ಸ್, ನಾಜಲ್ ಪ್ರೆಶರ್, ಲೈನಿನಲ್ಲಿ ಗಾಳಿ ಇವನ್ನು ನೋಡಿ. ಕಪ್ಪು ಹೊಗೆಗೆ ಟೈಮಿಂಗೇ ಕಾರಣ ಆಗಬೇಕಿಲ್ಲ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ, ಹಸಿ ಡೀಸೆಲ್ ವಾಸನೆ ಇದ್ದರೆ ಟೈಮಿಂಗ್ ತಡವಾಗಿರುವ ಅನುಮಾನ ಬಲವಾಗುತ್ತದೆ.

ಈಗ ಎಂಜಿನ್ನನ್ನು ಅದು ತಿರುಗುವ ದಿಕ್ಕಿನಲ್ಲೇ ಕೈಯಿಂದ ತಿರುಗಿಸಿ ಒಂದನೇ ಸಿಲಿಂಡರನ್ನು ಕಂಪ್ರೆಶನ್‌ಗೆ ತನ್ನಿ. ಫೈರಿಂಗ್ ಆರ್ಡರ್ (ಸಿಲಿಂಡರುಗಳಲ್ಲಿ ಡೀಸೆಲ್ ಹೊತ್ತುವ ಸರದಿ) 1-5-3-6-2-4 ಆದ್ದರಿಂದ ಆರನೆಯದರ ಎರಡೂ ವಾಲ್ವ್ ಒಟ್ಟಿಗೆ ಅಲುಗುವಾಗ ಒಂದನೆಯದರ ಎರಡೂ ರಾಕರ್ (ವಾಲ್ವ್ ಒತ್ತುವ ತೋಳು) ಸಡಿಲವಾಗಿರಬೇಕು. ಟಿಡಿಸಿ (ಪಿಸ್ಟನ್ ತೀರ ಮೇಲೆ ಮುಟ್ಟುವ ಬಿಂದು) ಗುರುತನ್ನು ಫ್ಲೈವೀಲಿನಲ್ಲಿ ನೋಡಿ. ಮುಂದಿನ ಡ್ಯಾಂಪರ್ ಪುಲ್ಲಿಯ ರಬ್ಬರ್ ಜಾರಿ ಹೊರ ರಿಂಗ್ ಸರಿದಿದ್ದರೆ ಅಲ್ಲಿಯ ಗುರುತು ಸುಳ್ಳು. ಡಿಗ್ರಿ ಗೀಟುಗಳು ಅಳಿಸಿದ್ದರೆ ಅಂಚಿನ ಸುತ್ತಳತೆಯನ್ನು 360ರಿಂದ ಭಾಗಿಸಿ. 400 ಮಿ.ಮೀ. ವ್ಯಾಸದ ಅಂಚಿನಲ್ಲಿ 1 ಡಿಗ್ರಿ ಎಂದರೆ ಸುಮಾರು 3.5 ಮಿ.ಮೀ.

ಪಂಪಿನ ಒಂದನೇ ಲೈನ್ ಬಿಚ್ಚಿ, ಡೆಲಿವರಿ ವಾಲ್ವ್ (ಲೈನಿನ ಡೀಸೆಲ್ ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್) ಹೋಲ್ಡರ್ ತೆಗೆದು, ಸ್ಪ್ರಿಂಗ್ ಮತ್ತು ವಾಲ್ವನ್ನು ಶುದ್ಧ ಡೀಸೆಲ್ ಬಟ್ಟಲಿಗೆ ಹಾಕಿ. ಸೀಟ್ ಅಲ್ಲೇ ಇರಲಿ. ಹೋಲ್ಡರನ್ನು ಮತ್ತೆ ಬಿಗಿದು ತೊಟ್ಟು ಕಾಣುವಂತೆ ಅದರ ಬಾಯಿಗೆ ಬಾಗಿದ ಕೊಳವೆ ಕೂರಿಸಿ. ಸ್ಟಾಪ್ ಲಿವರ್ ಎಳೆದಿರಬಾರದು. ಆಕ್ಸಿಲರೇಟರ್ ಪೂರ್ತಿ ಎಳೆದು ಕಟ್ಟುವುದೂ ತಪ್ಪು: ನಿಂತ ಎಂಜಿನ್ನಿನಲ್ಲಿ ರ್‍ಯಾಕ್ (ಎಷ್ಟು ಡೀಸೆಲ್ ಹೋಗಬೇಕೆಂದು ನಿಗದಿಮಾಡುವ ಪಂಪಿನ ಸರಳು) ಸ್ಟಾರ್ಟಿಂಗಿನ ಹೆಚ್ಚುವರಿ ಡೀಸೆಲ್ ಜಾಗಕ್ಕೆ ಹೋಗಬಹುದು. ಕೆಲವು ಪ್ಲಂಜರ್‌ಗಳಲ್ಲಿ ಆ ಜಾಗಕ್ಕೆಂದೇ ಕೊರೆದ ಕಚ್ಚು (ಗ್ರೂವ್) ಇರುತ್ತದೆ, ಅದು ಟೈಮಿಂಗನ್ನು ತಡವಾಗಿ ತೋರಿಸುತ್ತದೆ. ಲಿವರ್ ಮಧ್ಯದಲ್ಲಿರಲಿ.

ಪಂಪಿಗಿಂತ ಎತ್ತರದಲ್ಲಿ ಡಬ್ಬ ತೂಗುಹಾಕಿ ಡೀಸೆಲ್ ಕೊಡಿ. ಹ್ಯಾಂಡ್ ಪಂಪ್ ಒತ್ತಿದರೆ ಧಾರೆ ಕುಲುಕಿ ತೊಟ್ಟಿನ ಲೆಕ್ಕ ಕೆಡುತ್ತದೆ. ಟಿಡಿಸಿ ಗುರುತಿಗೆ 40 ಡಿಗ್ರಿ ಮೊದಲು ಕೊಳವೆಯಿಂದ ಧಾರೆ ಸಲೀಸಾಗಿ ಬೀಳುತ್ತಿರಬೇಕು. ಅಲ್ಲಿಂದ ಮೆಲ್ಲಗೆ ಮುಂದೆ ತಿರುಗಿಸಿ. ಧಾರೆ ಸಣ್ಣದಾಗಿ, ತೊಟ್ಟಾಗಿ, 10-15 ಸೆಕೆಂಡಿಗೆ ಒಂದು ತೊಟ್ಟಿಗೆ ಇಳಿದಲ್ಲಿ ನಿಲ್ಲಿಸಿ. ಪ್ಲಂಜರ್ ಪೋರ್ಟನ್ನು (ಡೀಸೆಲ್ ಒಳಬರುವ ರಂಧ್ರವನ್ನು) ಮುಚ್ಚಿದ್ದು ಅಲ್ಲೇ. ಆಗ ಫ್ಲೈವೀಲ್ ತೋರಿಸುವ ಡಿಗ್ರಿಯೇ ಈಗಿನ ಟೈಮಿಂಗ್. ಮುಂದೆ ಹೋಗಿಬಿಟ್ಟರೆ ಅಷ್ಟೇ ಹಿಂದೆ ತಂದು ಓದಬೇಡಿ, ಗೇರ್‌ಗಳ ಪ್ಲೇ (ಹಲ್ಲುಗಳ ನಡುವಿನ ಸಡಿಲು) ಮೋಸ ಮಾಡುತ್ತದೆ. ಧಾರೆ ಪೂರ್ತಿ ಬರುವಷ್ಟು ಹಿಂದಕ್ಕೆ ಹೋಗಿ ಹೊಸದಾಗಿ ಬನ್ನಿ. ಮೂರು ಸಲವೂ ಒಂದೇ ಜಾಗ ಬಂದರೆ ನಂಬಿ.

ಪುಸ್ತಕದ ಡಿಗ್ರಿಗಿಂತ ತಡವಾಗಿದ್ದರೆ, ಫ್ಲ್ಯಾಂಜಿನಿಂದ ಎಂಜಿನ್ನಿಗೆ ಬಿಗಿದ ಪಂಪಿನ ಬಾಡಿಯನ್ನು ಅದರ ಕ್ಯಾಮ್‌ಶಾಫ್ಟ್ ತಿರುಗುವುದಕ್ಕೆ ಎದುರಾಗಿ ತಿರುಗಿಸಿ. ಕಪ್ಲಿಂಗ್ ಇದ್ದರೆ ಶಾಫ್ಟನ್ನೇ ತಿರುಗುವ ದಿಕ್ಕಿಗೆ ಮುಂದೂಡಿ. ಪಂಪ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ಓಡುವುದರಿಂದ ಅಲ್ಲಿ 1 ಡಿಗ್ರಿ ಸರಿಸಿದರೆ ಫ್ಲೈವೀಲಿನಲ್ಲಿ 2 ಡಿಗ್ರಿ. ಕೂದಲೆಳೆಯಷ್ಟೇ ಸರಿಸಬೇಕು. ಬೋಲ್ಟ್ ಬಿಗಿದ ಮೇಲೆ ಮತ್ತೊಮ್ಮೆ ತೊಟ್ಟು ನೋಡಿ, ಬಿಗಿಯುವಾಗಲೇ ಪಂಪ್ ಜರುಗಿರುತ್ತದೆ.

ವಾಲ್ವ್ ಮರಳಿ ಕೂರಿಸುವಾಗ ಬಟ್ಟೆಯಿಂದ ಒರೆಸಬೇಡಿ, ಒಂದು ನೂಲೆಳೆ ಸಿಕ್ಕರೂ ಸೋರುತ್ತದೆ. ಹೋಲ್ಡರನ್ನು ಟಾರ್ಕ್ ರೆಂಚಿನಿಂದಲೇ ಬಿಗಿಯಿರಿ. ಹೆಚ್ಚು ಬಿಗಿದರೆ ಪ್ಲಂಜರ್ ಆಡುವ ಬ್ಯಾರೆಲ್ ಹಿಸುಕಿ ಪ್ಲಂಜರ್ ಕಚ್ಚಿಕೊಂಡು ರ್‍ಯಾಕ್ ಅಲ್ಲೇ ನಿಲ್ಲಬಹುದು, ಸ್ಟಾರ್ಟ್ ಮಾಡಿದರೆ ಎಂಜಿನ್ ಹುಚ್ಚೆದ್ದು ಓಡುತ್ತದೆ. ಮೊದಲು ರ್‍ಯಾಕ್ ಸರಾಗವಾಗಿ ಆಡುತ್ತದೆಯೇ ನೋಡಿ.

ಇಷ್ಟೆಲ್ಲ ಆಗಿ ಒಂದೇ ಸಿಲಿಂಡರ್ ಕುಟ್ಟುತ್ತಿದ್ದರೆ ಆ ನಾಜಲನ್ನು ಇನ್ನೊಂದಕ್ಕೆ ಬದಲಿಸಿ ನೋಡಿ. ಕುಟ್ಟು ನಾಜಲಿನ ಜೊತೆ ಹೋಗದಿದ್ದರೆ ಪಂಪಿನ ಫೇಸಿಂಗ್ ತಪ್ಪಿರಬಹುದು. ಆರು ಪ್ಲಂಜರ್‌ಗಳ ನಡುವೆ ಇರಬೇಕಾದ 60 ಡಿಗ್ರಿ ಅಂತರವನ್ನು ಟೆಸ್ಟ್ ಬೆಂಚಿನಲ್ಲೇ ಸರಿಪಡಿಸಬೇಕು, ಪಂಪನ್ನು ಮತ್ತೆ ಇಳಿಸದೆ ದಾರಿಯಿಲ್ಲ.