10,000ದ ಪವರ್‌ಬ್ಯಾಂಕ್, 5,000ದ ಫೋನು: ಎರಡು ಸಲ ಯಾಕೆ ತುಂಬುವುದಿಲ್ಲ?

ಪ್ರಶ್ನೆ: ನನ್ನ ಫೋನಿನ ಬ್ಯಾಟರಿ 5,000 ಎಂಎಎಚ್. ಅದಕ್ಕೆ ಅಂತ 10,000 ಎಂಎಎಚ್ ಪವರ್‌ಬ್ಯಾಂಕ್ ತಗೊಂಡೆ. ಲೆಕ್ಕದ ಪ್ರಕಾರ ಎರಡು ಸಲ ಪೂರ್ತಿ ಚಾರ್ಜ್ ಆಗಬೇಕು ಅಲ್ವಾ? ಒಂದು ಸಲ ತುಂಬುತ್ತೆ, ಎರಡನೇ ಸಲ ಅರ್ಧದ ಹತ್ತಿರ ಬಂದು ನಿಂತುಬಿಡುತ್ತೆ. ನನಗೆ ಮೋಸ ಆಗಿದೆಯಾ? ಇನ್ನೊಂದು ವಿಷಯ, ಇಯರ್‌ಬಡ್ಸ್ ಕೇಸ್ ಚಾರ್ಜಿಗೆ ಹಾಕಿದರೆ ಸ್ವಲ್ಪ ಹೊತ್ತಿಗೆ ಪವರ್‌ಬ್ಯಾಂಕೇ ಆಫ್ ಆಗುತ್ತೆ. ಯಾಕೆ?

ಉತ್ತರ: ಮೋಸ ಆಗಿಲ್ಲ. ಒಂದೂವರೆ ಸಲದ ಆಸುಪಾಸು ಚಾರ್ಜ್ ಕೊಡುತ್ತಿದೆ ಅಂದರೆ ನಿಮ್ಮ ಪವರ್‌ಬ್ಯಾಂಕ್ ಚೆನ್ನಾಗಿಯೇ ಇದೆ. ತೊಂದರೆ ಇರುವುದು ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಆ ಸಂಖ್ಯೆಯಲ್ಲಿ. ಅದು ಸುಳ್ಳಲ್ಲ. ಆದರೆ ಅರ್ಧ ಮಾತು.

ಎಂಎಎಚ್ ಅಂದರೆ ಮಿಲಿಆಂಪಿಯರ್ ಅವರ್. ಎಷ್ಟು ಕರೆಂಟನ್ನು ಎಷ್ಟು ಹೊತ್ತು ಕೊಡಬಹುದು ಅನ್ನುವ ಲೆಕ್ಕ ಅದು. ಎಷ್ಟು ವೋಲ್ಟ್‌ನಲ್ಲಿ ಕೊಡುತ್ತದೆ ಅನ್ನುವುದು ಅದರಲ್ಲಿ ಇಲ್ಲ. ಟ್ಯಾಂಕಿನಲ್ಲಿ ಎಷ್ಟು ಕೊಡ ನೀರಿದೆ ಅಂತ ಹೇಳಿ, ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಅಂತ ಹೇಳದೆ ಬಿಟ್ಟ ಹಾಗೆ. ನೆಲದ ಮೇಲಿನ ಹತ್ತು ಕೊಡ ನೀರಿಗೂ ಮಾಳಿಗೆ ಮೇಲಿನ ಹತ್ತು ಕೊಡ ನೀರಿಗೂ ಒಂದೇ ಜೋರು ಇರುವುದಿಲ್ಲ. ವೋಲ್ಟ್ ಅಂದರೆ ಆ ಎತ್ತರ.

ಪವರ್‌ಬ್ಯಾಂಕಿನ ಒಳಗಿರುವ ಲಿಥಿಯಂ ಸೆಲ್ ತುಂಬಿದಾಗ 4.2 ವೋಲ್ಟ್ ಇರುತ್ತದೆ, ಖಾಲಿಯಾಗುತ್ತಾ 3ರ ಹತ್ತಿರ ಇಳಿಯುತ್ತದೆ. ಲೆಕ್ಕಕ್ಕೆ 3.7 ಅಂತ ಹಿಡಿಯುತ್ತಾರೆ. ಡಬ್ಬದ ಮೇಲಿನ 10,000 ಈ 3.7 ವೋಲ್ಟ್‌ನ ಲೆಕ್ಕ. ಆದರೆ ಯುಎಸ್‌ಬಿ ಕೇಬಲ್‌ನಲ್ಲಿ ಹರಿಯುವುದು 5 ವೋಲ್ಟ್. 1996ರಲ್ಲಿ ಯುಎಸ್‌ಬಿ ಶುರುವಾದಾಗಿನಿಂದ ಅದೇ ನಿಯಮ. ಫಾಸ್ಟ್ ಚಾರ್ಜಿಂಗ್ ಇದ್ದರೆ 9 ಅಥವಾ ಅದಕ್ಕಿಂತ ಜಾಸ್ತಿ. ಅಂದರೆ ಪವರ್‌ಬ್ಯಾಂಕ್ ತನ್ನ 3.7 ವೋಲ್ಟನ್ನು ಮೇಲಕ್ಕೆ ಎತ್ತಿ ಕೊಡಬೇಕು. ಫೋನು ಅದನ್ನು ತಗೊಂಡು, ತನ್ನ ಬ್ಯಾಟರಿಗೆ ಹೊಂದುವಷ್ಟಕ್ಕೆ ಮತ್ತೆ ಇಳಿಸಿಕೊಳ್ಳಬೇಕು. ಹತ್ತುವಾಗಲೂ ಒಂದಿಷ್ಟು ಪೋಲು, ಇಳಿಯುವಾಗಲೂ ಒಂದಿಷ್ಟು ಪೋಲು. ಚಾರ್ಜ್ ಆಗುವಾಗ ಫೋನು ಬೆಚ್ಚಗಾಗುತ್ತದಲ್ಲ, ಪೋಲಾದ ಚಾರ್ಜು ಹೋಗುವುದು ಆ ಬಿಸಿಗೇ.

ಈಗ ನಿಮ್ಮದೇ ಲೆಕ್ಕ ಹಾಕೋಣ. ಎಂಎಎಚ್ ಅನ್ನು ವೋಲ್ಟ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ವ್ಯಾಟ್ ಅವರ್ ಬರುತ್ತದೆ. ಒಳಗೆ ನಿಜವಾಗಿ ಎಷ್ಟು ಶಕ್ತಿ ಇದೆ ಅಂತ ಹೇಳುವುದು ಇದೇ. ಪವರ್‌ಬ್ಯಾಂಕ್: 10,000 ಸಲ 3.7, ಅಂದರೆ 37 ವ್ಯಾಟ್ ಅವರ್. ಎತ್ತಿ ಕೊಡುವುದರಲ್ಲಿ ನೂರಕ್ಕೆ ಹದಿನೈದರಷ್ಟು ಹೋಯಿತು ಅನ್ನಿ, ಕೇಬಲ್‌ಗೆ ಬರುವುದು ಸುಮಾರು 31. ಕೇಬಲ್‌ನಲ್ಲಿ ಮತ್ತು ಫೋನಿನ ಒಳಗೆ ಇನ್ನೊಂದು ಹತ್ತು ಹನ್ನೆರಡು ಭಾಗ ಹೋದರೆ ಬ್ಯಾಟರಿಗೆ ಸೇರುವುದು 28ರ ಹತ್ತಿರ. ನಿಮ್ಮ ಫೋನಿನ 5,000 ಎಂಎಎಚ್ ಬ್ಯಾಟರಿ 3.85 ವೋಲ್ಟ್‌ನದ್ದಾದರೆ ಅದು ಹಿಡಿಯುವುದು 19.25 ವ್ಯಾಟ್ ಅವರ್. 28ನ್ನು 19ರಿಂದ ಭಾಗಿಸಿ ನೋಡಿ. ಒಂದೂವರೆಗೆ ಚೂರು ಕಮ್ಮಿ. ಎರಡನೇ ಸಲ ಅರ್ಧದ ಹತ್ತಿರ ನಿಲ್ಲುತ್ತದೆ ಅಂದಿರಲ್ಲ, ಸರಿಹೋಯಿತು.

ಚಾರ್ಜ್ ಮಾಡುತ್ತಲೇ ಫೋನು ನೋಡುತ್ತಿದ್ದರೆ ಇನ್ನೂ ಕಮ್ಮಿ ಸಿಗುತ್ತದೆ. ವೈರ್‌ಲೆಸ್ ಆದರೆ ಮತ್ತೂ ಕಮ್ಮಿ, ಪೋಲು ಅಲ್ಲಿ ಜಾಸ್ತಿ.

ಹಾಗಾದರೆ ಎಲ್ಲರೂ ಎಂಎಎಚ್ ಅನ್ನೇ ಯಾಕೆ ಹಿಡಿದುಕೊಂಡಿದ್ದಾರೆ? ಫೋನುಗಳನ್ನು ಫೋನುಗಳ ಜೊತೆ ಹೋಲಿಸುವಾಗ ಅದು ಸಾಕಾಗುತ್ತಿತ್ತು. ಬಹುತೇಕ ಎಲ್ಲದರ ವೋಲ್ಟೂ ಹೆಚ್ಚುಕಮ್ಮಿ ಒಂದೇ, ಆದ್ದರಿಂದ ಅದನ್ನು ಹೇಳುವ ಅಗತ್ಯ ಇರಲಿಲ್ಲ. ಅದೇ ಅಭ್ಯಾಸ ಪವರ್‌ಬ್ಯಾಂಕಿಗೂ ಬಂತು. ಲ್ಯಾಪ್‌ಟಾಪ್ ಹತ್ತಿರ ಬಂದರೆ ಈ ಅಭ್ಯಾಸ ಪೂರ್ತಿ ಕೈಕೊಡುತ್ತದೆ. 11.4 ವೋಲ್ಟ್‌ನ 4,000 ಎಂಎಎಚ್ ಲ್ಯಾಪ್‌ಟಾಪ್ ಬ್ಯಾಟರಿ ನಿಮ್ಮ ಫೋನಿಗಿಂತ ಚಿಕ್ಕದು ಅನ್ನಿಸುತ್ತದೆ. ಲೆಕ್ಕ ಹಾಕಿದರೆ 45 ವ್ಯಾಟ್ ಅವರ್‌ಗಿಂತ ಜಾಸ್ತಿ. ನಿಮ್ಮ ಇಡೀ ಪವರ್‌ಬ್ಯಾಂಕ್ ಸುರಿದರೂ ಅದು ತುಂಬುವುದಿಲ್ಲ!

ಪವರ್‌ಬ್ಯಾಂಕನ್ನು ತಿರುಗಿಸಿ ಅದರ ಹಿಂಬದಿ ಒಮ್ಮೆ ನೋಡಿ. ಬೂದು ಬಣ್ಣದ ಇರುವೆಯಂಥ ಅಕ್ಷರಗಳು ಇರುತ್ತವೆ. ನನಗಂತೂ ಬರಿಗಣ್ಣಿಗೆ ಕಾಣುವುದಿಲ್ಲ, ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದುತ್ತೇನೆ. ಮೊದಲು 10,000 ಎಂಎಎಚ್, ಪಕ್ಕದಲ್ಲೇ 37 ವ್ಯಾಟ್ ಅವರ್ ಅಂತ ಇರುತ್ತದೆ. ಇನ್ನೂ ಕೆಳಗೆ ‘ರೇಟೆಡ್ ಕೆಪ್ಯಾಸಿಟಿ’ ಅಂತ ಒಂದು ಸಾಲು. ಅಲ್ಲಿ 5 ವೋಲ್ಟ್‌ಗೆ ಆರು ಸಾವಿರದ ಆಸುಪಾಸಿನ ಒಂದು ಸಂಖ್ಯೆ ಕಾಣುತ್ತದೆ. ಹೊರಗೆ ಬರುವುದು ಅಷ್ಟೇ ಅಂತ ಕಂಪನಿಯೇ ಒಪ್ಪಿಕೊಂಡ ಸಾಲು ಅದು. ಎರಡು ಪವರ್‌ಬ್ಯಾಂಕ್ ಹೋಲಿಸುವಾಗ ನಾನು ನೋಡುವುದು ಇದೊಂದನ್ನೇ. ಈ ಸಾಲು ಡಬ್ಬದ ಮುಂಭಾಗದಲ್ಲೇ ದೊಡ್ಡದಾಗಿ ಇರಬೇಕಿತ್ತು ಅಂತ ಪ್ರತಿ ಸಲ ಅನ್ನಿಸುತ್ತದೆ. ಹಾಗಿದ್ದಿದ್ದರೆ ನೀವು ಇಷ್ಟು ತಲೆಕೆಡಿಸಿಕೊಳ್ಳಬೇಕಿರಲಿಲ್ಲ.

ನಿಜವಾದ ಮೋಸವೂ ಇದೆ, ಅದು ಬೇರೆ ಥರ: ಒಳಗೆ ಇಲ್ಲದಷ್ಟು ಎಂಎಎಚ್ ಅನ್ನು ಡಬ್ಬದ ಮೇಲೆ ಬರೆಯುವುದು. ಅದನ್ನು ಹಿಡಿಯುವುದಕ್ಕೆ ತಕ್ಕಡಿ ಸಾಕು. ಎಷ್ಟೋ ಪವರ್‌ಬ್ಯಾಂಕ್‌ಗಳ ಒಳಗಿರುವ, 18650 ಅಂತ ಕರೆಯುವ ಸಿಲಿಂಡರ್ ಆಕಾರದ ಸೆಲ್ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಇರುತ್ತದೆ. ತೂಕ 45ರಿಂದ 50 ಗ್ರಾಂ. ಅದರಲ್ಲಿ ಒಳ್ಳೆಯದೂ ಹಿಡಿಯುವುದು ಸುಮಾರು 3,500 ಎಂಎಎಚ್. ಅಂದಮೇಲೆ 20,000ಕ್ಕೆ ಆರು ಸೆಲ್ ಬೇಕೇ ಬೇಕು. ಸೆಲ್‌ಗಳ ತೂಕವೇ 270 ಗ್ರಾಂ ದಾಟಿತು, ಹೊರಗಿನ ಕವಚ, ಸರ್ಕ್ಯೂಟ್ ಬೇರೆ. ಚಪ್ಪಟೆ ಪಾಲಿಮರ್ ಸೆಲ್ ಆದರೂ ತೂಕದಲ್ಲಿ ಭಾರಿ ವ್ಯತ್ಯಾಸ ಆಗುವುದಿಲ್ಲ. ನನಗೊಮ್ಮೆ ಉಡುಗೊರೆಯಾಗಿ 20,000ದ್ದು ಅಂತ ಒಂದು ಪವರ್‌ಬ್ಯಾಂಕ್ ಬಂದಿತ್ತು. ಕೈಗೆ ತಗೊಂಡ ಕೂಡಲೇ ಗೊತ್ತಾಯಿತು, ನನ್ನ ಫೋನಿಗಿಂತ ಹಗುರ! ಆ ತೂಕದಲ್ಲಿ ಅಷ್ಟು ಶಕ್ತಿ ಹಿಡಿಸುವುದು ಸಾಧ್ಯವೇ ಇಲ್ಲ. ಒಂದು ಸಲ ಫೋನ್ ತುಂಬುವುದಕ್ಕೂ ಅದು ಒದ್ದಾಡಿತು. ಕೊಟ್ಟವರಿಗೆ ಹೇಳಲು ಮನಸ್ಸಾಗಲಿಲ್ಲ.

ವಿಮಾನ ಹತ್ತುವವರಿಗೆ ವ್ಯಾಟ್ ಅವರ್ ಹೇಗಿದ್ದರೂ ಬೇಕಾಗುತ್ತದೆ. 100 ವ್ಯಾಟ್ ಅವರ್ ತನಕದ ಪವರ್‌ಬ್ಯಾಂಕ್ ಕೈಚೀಲದಲ್ಲಿ ಒಯ್ಯಬಹುದು, ಚೆಕ್‌ಇನ್ ಲಗೇಜಿನಲ್ಲಿ ಹಾಕುವಂತಿಲ್ಲ. 100ರಿಂದ 160ರ ನಡುವೆ ಇದ್ದರೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. 27,000ವನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿ ನೋಡಿ, 99.9 ಬರುತ್ತದೆ. ದೊಡ್ಡ ಪವರ್‌ಬ್ಯಾಂಕ್‌ಗಳಲ್ಲಿ ಎಷ್ಟೋ 27,000ದ ಆಸುಪಾಸಿನಲ್ಲೇ ನಿಂತುಬಿಡುವುದು ಇದೇ ಕಾರಣಕ್ಕೆ.

ಕೊಳ್ಳುವ ಮೊದಲು ರಿವ್ಯೂ ನೋಡುವುದಾದರೆ ಒಂದು ವಿಷಯ ಗಮನಿಸಿ. ಡಬ್ಬ ಬಿಚ್ಚಿ, ಡಬ್ಬದ ಮೇಲೆ ಬರೆದದ್ದನ್ನೇ ಓದಿ ಹೇಳಿದರೆ ಸುಮ್ನೆ ನಿಮ್ಮ ಸಮಯ ಹೋಗುತ್ತದೆ. ಪವರ್‌ಬ್ಯಾಂಕಿಗೂ ಕೇಬಲ್‌ಗೂ ನಡುವೆ ಹೆಬ್ಬೆರಳಿನಷ್ಟು ಉದ್ದದ ಯುಎಸ್‌ಬಿ ಮೀಟರ್ ಸಿಕ್ಕಿಸಿ, ಪೂರ್ತಿ ಖಾಲಿಯಾಗುವ ತನಕ ಎಷ್ಟು ವ್ಯಾಟ್ ಅವರ್ ಬಂತು ಅಂತ ತೋರಿಸಿದ್ದಾರಾ? ಹಾಗಿದ್ದರೆ ಕೂತು ನೋಡಿ. ಆ ಸಂಖ್ಯೆಯನ್ನು ಡಬ್ಬದ ಮೇಲಿನ ವ್ಯಾಟ್ ಅವರ್‌ಗೆ ಹೋಲಿಸಿ. ನೂರಕ್ಕೆ 85 ಬಂದರೆ ಚೆನ್ನಾಗಿದೆ, 90 ಬಂದರೆ ತುಂಬಾ ಒಳ್ಳೆಯದು. 70ಕ್ಕಿಂತ ಕೆಳಗಿದ್ದರೆ ನಾನು ಕೊಳ್ಳುವುದಿಲ್ಲ.

ಇನ್ನು ಇಯರ್‌ಬಡ್ಸ್ ವಿಷಯ. ಇದೂ ಕೆಟ್ಟುಹೋದ ಲಕ್ಷಣ ಅಲ್ಲ. ಫೋನು ತುಂಬಿದ ಮೇಲೆ ಎಳೆಯುವ ಕರೆಂಟ್ ತೀರಾ ಇಳಿದಾಗ, ಕೆಲಸ ಮುಗಿಯಿತು ಅಂದುಕೊಂಡು ಪವರ್‌ಬ್ಯಾಂಕ್ ಮಲಗುತ್ತದೆ. ಇಯರ್‌ಬಡ್ಸ್ ಕೇಸ್, ಕೈಗೆ ಕಟ್ಟುವ ಬ್ಯಾಂಡ್ ಇಂಥವು ಮೊದಲಿನಿಂದಲೂ ಎಳೆಯುವುದೇ ಚೂರು ಕರೆಂಟ್. ಏನೂ ಸಿಕ್ಕಿಸಿಲ್ಲ ಅಂತ ಅದು ತಪ್ಪು ತಿಳಿಯುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಇದಕ್ಕೆಂದೇ ಕಡಿಮೆ ಕರೆಂಟಿನ ಮೋಡ್ ಇರುತ್ತದೆ. ಬಟನ್ ಎರಡು ಸಲ ಒತ್ತಿ, ಇಲ್ಲವೇ ಸ್ವಲ್ಪ ಹೊತ್ತು ಹಿಡಿದುಕೊಳ್ಳಿ. ಲೈಟಿನ ಬಣ್ಣ ಬದಲಾದರೆ ಮೋಡ್ ಆನ್ ಆಗಿದೆ ಅಂತ. ನಿಮ್ಮದರಲ್ಲಿ ಆ ಮೋಡ್ ಇಲ್ಲದಿದ್ದರೆ, ಪವರ್‌ಬ್ಯಾಂಕಿನ ಇನ್ನೊಂದು ಪೋರ್ಟಿಗೆ ಫೋನನ್ನೂ ಸಿಕ್ಕಿಸಿಡಿ. ಫೋನು ಎಳೆಯುತ್ತಿರುವಷ್ಟು ಹೊತ್ತು ಅದು ಎದ್ದೇ ಇರುತ್ತದೆ, ಇಯರ್‌ಬಡ್ಸೂ ಜೊತೆಗೆ ತುಂಬುತ್ತವೆ.