ಕರೆ ರೆಕಾರ್ಡ್ ಮಾಡಿದರೆ ಒಬ್ಬರ ದನಿ ಮಾತ್ರ ಸಿಗುವುದೇಕೆ? ಲಿನಕ್ಸ್ ಬಳಸುವವರಿಗೆ ಉತ್ತರ

ಪ್ರಶ್ನೆ: ನಾನು ಕಲಬುರಗಿಯಾಗ ಎಂ.ಎ. ಓದ್ಲತ್ತೀನ್ರಿ. ಚಿಂಚೋಳಿ, ಸೇಡಂ ಕಡಿ ತೊಗರಿ ಬೆಳೆಯೋ ಹಿರಿಯರ ಮಾತು ಫೋನಿನ್ಯಾಗ ಕೇಳಿ ರೆಕಾರ್ಡ್ ಮಾಡ್ಕೋಬೇಕಾಗ್ಯಾದ. ಲ್ಯಾಪ್‌ಟಾಪಿನಾಗ ಉಬುಂಟು ಅದ. ಫೋನ್ ಬ್ಲೂಟೂತ್‌ಲಿಂದ ಜೋಡಿಸಿದ್ರ ಹಾಡು ಬರ್ತಾವ, ಕಾಲ್ ಬರಂಗಿಲ್ಲ. ಒಮ್ಮೆ ಬಂದ್ರೂ ಅವರ ದನಿ ಅಷ್ಟೇ ಸಿಕ್ತು, ನಂದು ಇಲ್ಲೇ ಇಲ್ಲ. ಏನ್ ಮಾಡ್ಬೇಕ್ರಿ?

ಉತ್ತರ: ಹಾಡಿನ ದಾರಿ ಬೇರೆ, ಕರೆಯ ದಾರಿ ಬೇರೆ. ಹಾಡು ಬರುವುದು ಎ2ಡಿಪಿ ಎಂಬ ಬ್ಲೂಟೂತ್ ಪ್ರೊಫೈಲಿನಲ್ಲಿ (ಪ್ರೊಫೈಲ್ ಎಂದರೆ ಒಂದೊಂದು ಬಗೆಯ ಕೆಲಸಕ್ಕೆ ಇರುವ ನಿಯಮಾವಳಿ). ಅದು ಫೋನಿನಿಂದ ಕಂಪ್ಯೂಟರ್ ಕಡೆಗಷ್ಟೇ ಹರಿಯುತ್ತದೆ. ನಿಮ್ಮ ಮೈಕಿನ ದನಿ ಹಿಂದಕ್ಕೆ ಹೋಗಲು ಅಲ್ಲಿ ಜಾಗವಿಲ್ಲ. ಕರೆಗೆ ಹ್ಯಾಂಡ್ಸ್‌ಫ್ರೀ ಪ್ರೊಫೈಲ್, ಅಂದರೆ ಎಚ್‌ಎಫ್‌ಪಿ ಬೇಕು. ಅದರಲ್ಲಿ ಫೋನ್ 'ಆಡಿಯೋ ಗೇಟ್‌ವೇ' ಆಗುತ್ತದೆ, ಲ್ಯಾಪ್‌ಟಾಪ್ ಕಾರಿನೊಳಗಿನ ಬ್ಲೂಟೂತ್ ಕಿಟ್‌ನಂತೆ ಕೆಲಸ ಮಾಡುತ್ತದೆ.

ಮೊದಲು ಉಬುಂಟು ಆವೃತ್ತಿ ನೋಡಿಕೊಳ್ಳಿ. 22.04ರಲ್ಲಿ ದನಿಯ ಕೆಲಸ ನೋಡುವುದು ಪಲ್ಸ್‌ಆಡಿಯೋ. ಫೋನಿನ ಕರೆ ಹಿಡಿಯಲು ಅದಕ್ಕೆ ಓಫೋನೋ ಎಂಬ ಇನ್ನೊಂದು ತಂತ್ರಾಂಶವನ್ನು ಜೋಡಿಸಬೇಕು, ಆ ಜೋಡಣೆ ತಲೆನೋವಿನ ಕೆಲಸ. 22.10ರಿಂದ ಅದರ ಜಾಗಕ್ಕೆ ಪೈಪ್‌ವೈರ್ ಬಂದಿದೆ, ಅದಕ್ಕೆ ಎಚ್‌ಎಫ್‌ಪಿ ತಾನೇ ಗೊತ್ತು. ಹಳೆಯದರ ಜೊತೆ ಗುದ್ದಾಡುವ ಬದಲು 24.04 ಹಾಕಿಕೊಳ್ಳಿ ಎಂಬುದೇ ನಮ್ಮ ಸಲಹೆ.

ನಂತರ ದನಿಯ ಸೆಟ್ಟಿಂಗ್ ಬದಲಿಸುವ ಪಾವುಕಂಟ್ರೋಲ್ (pavucontrol) ಮತ್ತು ದನಿಯ ಜೋಡಣೆಗಳನ್ನು ಚಿತ್ರವಾಗಿ ತೋರಿಸುವ ಕ್ಯೂಪಿಡಬ್ಲ್ಯೂಗ್ರಾಫ್ (qpwgraph) ಇನ್‌ಸ್ಟಾಲ್ ಮಾಡಿ. ಫೋನಿನ ಬ್ಲೂಟೂತ್ ಸೆಟ್ಟಿಂಗ್‌ನಲ್ಲಿ ಲ್ಯಾಪ್‌ಟಾಪಿನ ಹೆಸರು ಒತ್ತಿ, 'ಫೋನ್ ಕರೆಗಳು' ಎಂಬ ಸ್ವಿಚ್ ಆನ್ ಇದೆಯೇ ನೋಡಿ. ಹಾಡು ಬಂದು ಕರೆ ಬಾರದಿದ್ದರೆ ಬಹಳ ಸಲ ಇದೇ ಆಫ್ ಆಗಿರುತ್ತದೆ. ಆ ಸ್ವಿಚ್ಚೇ ಕಾಣದಿದ್ದರೆ ಎರಡೂ ಕಡೆ ಜೋಡಣೆ ಅಳಿಸಿ ಹೊಸದಾಗಿ ಜೋಡಿಸಿ. ಮೊದಲ ಸಲ ಜೋಡಿಸುವಾಗ ಲ್ಯಾಪ್‌ಟಾಪ್ ಏನೇನು ಮಾಡಬಲ್ಲದು ಎಂಬ ಪಟ್ಟಿಯನ್ನು ಫೋನ್ ಉಳಿಸಿಕೊಂಡಿರುತ್ತದೆ. ಆಮೇಲೆ ನೀವು ಸೆಟ್ಟಿಂಗ್ ಬದಲಿಸಿದರೂ ಅದು ಹಳೆಯ ಪಟ್ಟಿಯನ್ನೇ ನಂಬಿ ಕೂತಿರಬಹುದು. ಪಾವುಕಂಟ್ರೋಲ್‌ನ ಕಾನ್ಫಿಗರೇಶನ್ ಪುಟದಲ್ಲಿ ಫೋನಿನ ಎದುರು 'ಆಡಿಯೋ ಗೇಟ್‌ವೇ' ಎಂದು ಆರಿಸಿ. ಇನ್ನು ಕರೆ ಹಚ್ಚಿ, ಫೋನಿನ ಪರದೆಯಲ್ಲಿ ಸ್ಪೀಕರ್ ಗುರುತು ಒತ್ತಿ ಲ್ಯಾಪ್‌ಟಾಪಿನ ಹೆಸರು ಆರಿಸಿದರೆ ದನಿ ಈ ಕಡೆ ಬರಬೇಕು.

ಈಗ ನಿಮ್ಮ ಎರಡನೇ ತೊಂದರೆ. ಕರೆಯ ಎರಡು ದನಿಗಳು ಲ್ಯಾಪ್‌ಟಾಪಿನೊಳಗೆ ಎಲ್ಲಿಯೂ ಕೂಡುವುದಿಲ್ಲ. ಹಿರಿಯರ ದನಿ ಫೋನಿನಿಂದ ಬಂದು ಸ್ಪೀಕರಿಗೆ ಹೋಗುತ್ತದೆ, ನಿಮ್ಮ ದನಿ ಮೈಕಿನಿಂದ ಹೊರಟು ಫೋನಿಗೆ ಹೋಗುತ್ತದೆ. ಸ್ಪೀಕರಿನ 'ಮಾನಿಟರ್' (ಸ್ಪೀಕರಿಗೆ ಹೋಗುವ ದನಿಯ ನಕಲು) ಆರಿಸಿ ರೆಕಾರ್ಡ್ ಮಾಡಿದರೆ ಅವರದಷ್ಟೇ ಸಿಗುತ್ತದೆ, ಮೈಕ್ ಆರಿಸಿದರೆ ನಿಮ್ಮದಷ್ಟೇ. ಎರಡನ್ನೂ ನೀವೇ ರೆಕಾರ್ಡರಿಗೆ ತಂದು ಮುಟ್ಟಿಸಬೇಕು. ಬೆರೆಸಬೇಡಿ, ಒಂದನ್ನು ಎಡ ಚಾನೆಲ್ಲಿಗೆ, ಇನ್ನೊಂದನ್ನು ಬಲ ಚಾನೆಲ್ಲಿಗೆ ಕೊಡಿ. ಇಬ್ಬರೂ ಒಟ್ಟಿಗೆ ಮಾತಾಡಿದ ಕಡೆ ಅಜ್ಜ ಏನಂದರು ಎಂದು ಬರೆದುಕೊಳ್ಳುವಾಗ ಇದರ ಬೆಲೆ ತಿಳಿಯುತ್ತದೆ.

ಟರ್ಮಿನಲ್ಲಿನಲ್ಲಿ ಪಿಡಬ್ಲ್ಯೂ-ರೆಕಾರ್ಡ್ (pw-record) ಆದೇಶ ಕೊಡಿ. ಅದರ ಮುಂದೆ ಟಾರ್ಗೆಟ್ (target) 0, ಚಾನೆಲ್ಸ್ (channels) 2, ರೇಟ್ (rate) 16000 ಎಂಬ ಮೂರು ಆಯ್ಕೆ, ಕೊನೆಗೆ ಫೈಲಿನ ಹೆಸರು. ಪ್ರತಿ ಆಯ್ಕೆಯ ಮುಂದೆ ಎರಡು ಹೈಫನ್ ಇರಲಿ. ಟಾರ್ಗೆಟ್ 0 ಎಂದರೆ 'ನೀನಾಗಿ ಯಾವುದಕ್ಕೂ ಅಂಟಿಕೊಳ್ಳಬೇಡ' ಎಂದು ಹೇಳಿದಂತೆ. ಇದನ್ನು ಬಿಟ್ಟರೆ ರೆಕಾರ್ಡರ್ ನೇರ ಮೈಕಿಗೆ ಹೋಗಿ ಕೂಡುತ್ತದೆ. ಈಗ ಕರೆ ನಡೆಯುತ್ತಿರುವಾಗಲೇ ಕ್ಯೂಪಿಡಬ್ಲ್ಯೂಗ್ರಾಫ್ ತೆರೆಯಿರಿ. ಪೆಟ್ಟಿಗೆಗಳೂ ಗೆರೆಗಳೂ ಕಾಣುತ್ತವೆ. ಬ್ಲೂಝ್ ಇನ್‌ಪುಟ್ (bluez_input) ಎಂದು ಶುರುವಾಗುವ ಇಲ್ಲವೇ ನಿಮ್ಮ ಫೋನಿನ ಹೆಸರಿರುವ ಪೆಟ್ಟಿಗೆಯ ಬಲ ಅಂಚಿನಿಂದ ಗೆರೆ ಎಳೆದು ರೆಕಾರ್ಡರಿನ ಎಫ್‌ಎಲ್‌ಗೆ (FL, ಎಡ ಚಾನೆಲ್) ಜೋಡಿಸಿ, ಮೈಕಿನಿಂದ ಇನ್ನೊಂದನ್ನು ಎಫ್‌ಆರ್‌ಗೆ (FR, ಬಲ ಚಾನೆಲ್). ಮೊದಲೇ ಇದ್ದ ಗೆರೆಗಳನ್ನು ಮುಟ್ಟಬೇಡಿ, ಮಾತುಕತೆ ನಡೆಯುವುದೇ ಅವುಗಳ ಮೇಲೆ. ಕರೆ ಕಟ್ಟಾದರೆ ನೀವು ಎಳೆದ ಗೆರೆ ಹೋಗಬಹುದು. ಅದಕ್ಕೇ ಒಮ್ಮೆ ಸರಿಯಾದ ಜೋಡಣೆಯನ್ನು ಅಲ್ಲಿಯೇ ಪ್ಯಾಚ್‌ಬೇ (ಗೆರೆಗಳ ನಕ್ಷೆ) ಆಗಿ ಸೇವ್ ಮಾಡಿ, ಆಕ್ಟಿವೇಟ್ ಮಾಡಿಡಿ. ಮುಗಿದ ಮೇಲೆ ಕಂಟ್ರೋಲ್-ಸಿ ಒತ್ತಿಯೇ ನಿಲ್ಲಿಸಿ. ಹಾಗೇ ಲ್ಯಾಪ್‌ಟಾಪ್ ಆಫ್ ಆದರೆ ಫೈಲಿನ ತಲೆಭಾಗ ಪೂರ್ತಿ ಬರೆಯದೇ ಉಳಿದು, ತೆರೆಯಲು ಕಷ್ಟವಾಗುತ್ತದೆ. ಈ ಲೆಕ್ಕದಲ್ಲಿ ನಿಮಿಷಕ್ಕೆ 3.84 ಎಂಬಿ, ಗಂಟೆಗೆ ಸುಮಾರು 230 ಎಂಬಿ ಜಾಗ ಬೇಕು.

ಇಯರ್‌ಫೋನ್ ತಂತಿಯದೇ ಇರಲಿ. ಸ್ಪೀಕರ್ ಹಚ್ಚಿದರೆ ಅವರ ದನಿ ಮೈಕಿಗೆ ಹೋಗಿ ಅವರಿಗೇ ಪ್ರತಿಧ್ವನಿ ಕೇಳುತ್ತದೆ, ಎರಡು ಚಾನೆಲ್ ಬೇರೆ ಇಟ್ಟ ಉಪಯೋಗವೂ ಹೋಗುತ್ತದೆ.

ದನಿಯ ಗುಣಮಟ್ಟದ ಮಾತು ನಿಮ್ಮ ಕೆಲಸಕ್ಕೆ ಮುಖ್ಯ. ಎಚ್‌ಎಫ್‌ಪಿಯಲ್ಲಿ ಸಿವಿಎಸ್‌ಡಿ ಎಂಬ ಕೋಡೆಕ್ (ದನಿಯನ್ನು ಅಂಕಿಗಳಾಗಿ ಅಡಕ ಮಾಡುವ ವಿಧಾನ) ಸೆಕೆಂಡಿಗೆ ದನಿಯ 8000 ಮಾದರಿ (ಸ್ಯಾಂಪಲ್) ಒಯ್ಯುತ್ತದೆ, ಎಂಎಸ್‌ಬಿಸಿ 16000. ಮೊದಲನೆಯದರಲ್ಲಿ 4000 ಹರ್ಟ್ಸ್ ಮೇಲಿನದೇನೂ ಉಳಿಯುವುದಿಲ್ಲ. ಸಕಾರದ ಸೀಳುದನಿ ಬಹುಪಾಲು ಇರುವುದು ಅಲ್ಲಿಯೇ. ನಮ್ಮ ಕಡೆಯ ಮಾತಿನಲ್ಲಿ ದಖನಿಯಿಂದ ಬಂದ ಫ಼, ಜ಼ ಉಚ್ಚಾರ ಗುರುತಿಸುವುದೂ ಆಗ ಕಷ್ಟ. ಎಂಎಸ್‌ಬಿಸಿ ಸಿಕ್ಕರೂ ಕರೆ ವೋಲ್ಟಿಯಲ್ಲಿ, ಅಂದರೆ 4ಜಿ ಜಾಲದ ಮೇಲೆಯೇ, ಇರಬೇಕು. ಹಿರಿಯರು ಹೊಲದಲ್ಲಿದ್ದು ಫೋನ್ 2ಜಿಗೆ ಇಳಿದರೆ ದನಿ ಅಲ್ಲಿಯೇ ಸಣ್ಣದಾಗಿ ಹೋಗಿರುತ್ತದೆ. 4ಜಿ ಹಿಡಿಯುವ ಕಡೆ ಕೂತು ಮಾತಾಡಲು ಕೇಳಿಕೊಳ್ಳಿ. ರೇಟ್ 48000 ಇಟ್ಟರೆ ಕಳೆದುಹೋದದ್ದು ಮರಳಿ ಬರುವುದಿಲ್ಲ, ಫೈಲಷ್ಟೇ ಮೂರು ಪಟ್ಟಾಗುತ್ತದೆ.

ಕರೆ ಹತ್ತಿದೆ, ಗೆರೆಗಳೆಲ್ಲ ಸರಿ ಇವೆ, ಆದರೂ ಬರೀ ಮೌನ ಎಂದಾದರೆ ಬ್ಲೂಟೂತ್ ಡಾಂಗಲ್ ಮೇಲೆ ಅನುಮಾನ ಪಡಿ. ಅಗ್ಗದ ಎಷ್ಟೋ ಯುಎಸ್‌ಬಿ ಡಾಂಗಲ್‌ಗಳು ಹಾಡು ಒಯ್ಯುತ್ತವೆ, ಕರೆಯ ದನಿ ಸಾಗುವ ಎಸ್‌ಸಿಒ ಕೊಂಡಿಯಲ್ಲಿ ಸೋಲುತ್ತವೆ. ದನಿ ತುಂಡು ತುಂಡಾಗಿ ಬಂದರೆ ಡಾಂಗಲ್ಲನ್ನು ಯುಎಸ್‌ಬಿ 3 ಪೋರ್ಟಿನಿಂದ ತೆಗೆದು 2ಕ್ಕೆ ಹಾಕಿ, ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ. ಯುಎಸ್‌ಬಿ 3 ಸಹ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಹೊರಸೂಸುತ್ತದೆ.

ಇನ್ನೊಂದು ಮಾತು, ಇದನ್ನು ಬಿಡಲೇಬೇಡಿ. ಗೂಗಲ್‌ನ ಫೋನ್ ಆ್ಯಪ್ ರೆಕಾರ್ಡ್ ಮಾಡುವಾಗ ಎರಡೂ ಕಡೆ ಕೇಳುವಂತೆ ಘೋಷಣೆ ಮಾಡುತ್ತದೆ. ಈ ದಾರಿಯಲ್ಲಿ ಫೋನಿಗೆ ಲ್ಯಾಪ್‌ಟಾಪ್ ಬರೀ ಹೆಡ್‌ಸೆಟ್, ಆದ್ದರಿಂದ ಯಾವ ಸೂಚನೆಯೂ ಹೋಗುವುದಿಲ್ಲ. "ಅಜ್ಜಾ, ನಿಮ್ಮ ಮಾತು ರೆಕಾರ್ಡ್ ಮಾಡ್ಕೋಲತ್ತೀನಿ, ಓದಿಗಿ ಬೇಕಾಗ್ಯಾದ, ನಡೀತದೇನ್ರಿ?" ಎಂದು ನೀವೇ ಕೇಳಿ, ಅವರ ಒಪ್ಪಿಗೆ ರೆಕಾರ್ಡಿನ ಮೊದಲ ನಿಮಿಷದಲ್ಲೇ ಇರಲಿ. ಬೇಡ ಎಂದರೆ ಅಲ್ಲಿಗೇ ಕಂಟ್ರೋಲ್-ಸಿ ಒತ್ತಿ, ಪೆನ್ನು ಹಿಡಿದು ಬರೆದುಕೊಳ್ಳಿ.